ಹೋರಿಯ ವೈ ಕ್ರೋಮೋಸೋಮ್ ಓದಿದ್ದು ಹೇಗೆ: ನನ್ನ ಅನುಭವ

ಜೀನೋಮ್, ಅಂದ್ರೆ ಒಂದು ಪ್ರಾಣಿಯ ಪೂರ್ತಿ ಡಿಎನ್‌ಎ, ಅಕ್ಷರ ಅಕ್ಷರವಾಗಿ ಓದೋ ಕೆಲಸದಲ್ಲಿ ಬಹಳ ವರ್ಷ ಹೆಣ್ಣು ಪ್ರಾಣಿಗೇ ಮೊದಲ ಮಣೆ. ಹೆಣ್ಣಿನಲ್ಲಿ ಎರಡು ಎಕ್ಸ್ ಕ್ರೋಮೋಸೋಮ್ ಇರತ್ತೆ (ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ), ಎಕ್ಸ್‌ಗೆ ಡೇಟಾ ಧಾರಾಳವಾಗಿ ಸಿಗತ್ತೆ, ವೈ ತಲೆನೋವೇ ಇರಲ್ಲ. 2009ರಲ್ಲಿ ಹಸುವಿನ ಜೀನೋಮ್ ಪ್ರಕಟ ಆದಾಗ ಅದಕ್ಕೆ ಮುಖ್ಯ ಆಧಾರ ಡಾಮಿನೆಟ್ ಅನ್ನೋ ಹೆರಿಫರ್ಡ್ ತಳಿಯ ಹಸು, ಆಮೇಲೆ ಬಂದ ಸುಧಾರಿತ ಆವೃತ್ತಿಗೂ ಅವಳೇ ಆಧಾರ. ಅಂದ್ರೆ ಹೋರಿಯ ಫಲವತ್ತತೆ ಬಗ್ಗೆ ಕೆಲಸ ಮಾಡೋ ನಮಗೆ, ವೀರ್ಯಾಣು ತಯಾರಾಗೋಕೆ ಬೇಕಾದ ಎಷ್ಟೋ ಜೀನ್ ಇರೋ ಕ್ರೋಮೋಸೋಮೇ ಆ ಮ್ಯಾಪಿನಲ್ಲಿ ಇರಲಿಲ್ಲ. ನಾನು ವೈ ಹಿಂದೆ ಬಿದ್ದಿದ್ದು ಇದೇ ಕಾರಣಕ್ಕೆ.

ವೈ ಯಾಕೆ ಕಷ್ಟ ಅಂತ ಮೊದಲು ಹೇಳ್ತೀನಿ. ಅದರಲ್ಲಿ ಒಂದೇ ಥರದ ತುಂಡುಗಳು ಮತ್ತೆ ಮತ್ತೆ ಬರ್ತವೆ, ಕೆಲವು ಸಾಲಾಗಿ, ಕೆಲವು ವಿಕಟಕವಿ ಥರ ಎರಡೂ ಕಡೆಯಿಂದ ಒಂದೇ ರೀತಿ ಓದೋ ಪ್ಯಾಲಿಂಡ್ರೋಮ್ ಆಗಿ. ಮನುಷ್ಯನ ವೈನಲ್ಲಿ ಇಂಥವು ಎಂಟು ಇವೆ ಅಂತ 2003ರಲ್ಲೇ ಡೇವಿಡ್ ಪೇಜ್ ಅವರ ತಂಡ ತೋರಿಸ್ತು, ಅದರಲ್ಲಿ ದೊಡ್ಡದು ಹತ್ತಿರ ಹತ್ತಿರ 29 ಲಕ್ಷ ಅಕ್ಷರದ್ದು, ಅದರ ಎರಡು ತೋಳಿನ (ಎದುರುಬದುರು ಅರ್ಧಗಳ) ನಡುವೆ ಹೋಲಿಕೆ ಶೇ. 99.97. ನೂರೈವತ್ತು ಅಕ್ಷರದ ಚಿಕ್ಕ ರೀಡ್ (ಮಿಷನ್ ಒಂದು ಸಲಕ್ಕೆ ಓದಿ ಕೊಡೋ ತುಂಡು) ಹಿಡ್ಕೊಂಡು ಇದು ಎಡ ತೋಳಿಂದೋ ಬಲ ತೋಳಿಂದೋ ಅಂತ ಹೇಳೋಕೆ ಸಾಧ್ಯಾನೇ ಇಲ್ಲ, ಕಂಪ್ಯೂಟರ್ ಎರಡನ್ನೂ ಒಂದೇ ಅಂದ್ಕೊಂಡು ಒಂದರ ಮೇಲೊಂದು ಪೇರಿಸಿಬಿಡತ್ತೆ. ಅದಕ್ಕೇ ಮನುಷ್ಯನ ವೈ ತುದಿಯಿಂದ ತುದಿವರೆಗೆ ಪೂರ್ತಿ ಓದಿ ಮುಗಿದಿದ್ದು 2023ರಲ್ಲಿ, 6 ಕೋಟಿ 24 ಲಕ್ಷಕ್ಕೂ ಹೆಚ್ಚು ಅಕ್ಷರ. ಅದಕ್ಕೂ ಮುಂಚೆ ಎಲ್ಲರೂ ಬಳಸ್ತಿದ್ದ ರೆಫರೆನ್ಸ್‌ನಲ್ಲಿ ವೈನ ಅರ್ಧಕ್ಕಿಂತ ಹೆಚ್ಚು ಭಾಗ ಖಾಲಿ ಇತ್ತು.

ನನ್ನ ಕೆಲಸ ಶುರುವಾಗೋದು ಹೋರಿ ಆರಿಸೋದ್ರಿಂದ, ಇಲ್ಲಿ ಅವಸರ ಮಾಡಲೇಬಾರದು. ಕೃತಕ ಗರ್ಭಧಾರಣೆಗೆ ಬಳಸೋ ಹೋರಿ ಆದ್ರೆ ಒಳ್ಳೇದು, ಯಾಕಂದ್ರೆ ಅದರ ವೀರ್ಯದ ದಾಖಲೆ ಇರತ್ತೆ, ವೀರ್ಯಾಣು ಎಷ್ಟು, ಚಲನೆ ಹೇಗೆ, ಎಷ್ಟು ಹಸು ಗಬ್ಬ ಆದವು, ಎಲ್ಲ ಬರೆದಿಟ್ಟಿರ್ತಾರೆ. ಮನುಷ್ಯರಲ್ಲಿ ಒಬ್ಬ ಗಂಡಸಿನ ಬಗ್ಗೆ ಇಷ್ಟು ಮಾಹಿತಿ ಯಾವತ್ತೂ ಸಿಗಲ್ಲ. ಇನ್ನೊಂದು ವಿಷಯ ತಪ್ಪದೇ ಕೇಳ್ತೀನಿ, ಈ ಹೋರಿ ಅವಳಿಯಾಗಿ ಹುಟ್ಟಿದ್ದಾ ಅಂತ. ದನಗಳಲ್ಲಿ ಹೋರಿಗರು ಕಡಸು ಅವಳಿ ಆದಾಗ ಹೊಟ್ಟೆಯಲ್ಲೇ ಎರಡರ ರಕ್ತನಾಳ ಸೇರ್ಕೊಂಡು ಒಂದರ ರಕ್ತಕಣ ಇನ್ನೊಂದಕ್ಕೆ ಹೋಗಿ ಅಲ್ಲೇ ನೆಲೆ ನಿಂತುಬಿಡತ್ತೆ, ಹಾಗೆ ಹುಟ್ಟಿದ ಕಡಸು ಹತ್ತರಲ್ಲಿ ಒಂಬತ್ತು ಸಲ ಗೊಡ್ಡೇ ಆಗತ್ತೆ ಅನ್ನೋದು ದನ ಸಾಕಿದವರಿಗೆಲ್ಲ ಗೊತ್ತು, ಆದ್ರೆ ಹೋರಿಯ ರಕ್ತದಲ್ಲೂ ತಂಗಿಯ ಎಕ್ಸ್‌ಎಕ್ಸ್ ಕಣ ಇರತ್ತೆ ಅನ್ನೋದು ನೆನಪಾಗಲ್ಲ. ಅಂಥ ರಕ್ತದ ಡಿಎನ್‌ಎ ಓದಿಸಿದ್ರೆ, ಅಂದ್ರೆ ಸೀಕ್ವೆನ್ಸ್ ಮಾಡಿದ್ರೆ, ಎಕ್ಸ್ ಲೆಕ್ಕವೆಲ್ಲ ಏರುಪೇರು. ಅವಳಿ ಅಂತ ಗೊತ್ತಾದ್ರೆ ಆ ಹೋರಿ ಕೈಬಿಡ್ತೀನಿ.

ವೀರ್ಯ ಸುಲಭವಾಗಿ ಸಿಗತ್ತಲ್ಲ, ಅದರಿಂದಲೇ ಡಿಎನ್‌ಎ ತೆಗೀಬಹುದಲ್ವಾ ಅಂತ ಕೇಳ್ತಾರೆ. ತೆಗೀಬಹುದು, ಆದ್ರೆ ವೀರ್ಯಾಣು ಒಳಗೆ ಡಿಎನ್‌ಎ ಪ್ರೋಟಮೈನ್ ಅನ್ನೋ ಪ್ರೋಟೀನ್ ಜೊತೆ ಬಿಗಿಯಾಗಿ ಸುತ್ತಿರತ್ತೆ, ಬಿಡಿಸೋಕೆ ಬೇರೆ ರಾಸಾಯನಿಕ ಬೇಕು, ಮೇಲಾಗಿ ಅರ್ಧ ವೀರ್ಯಾಣುವಿನಲ್ಲಿ ಎಕ್ಸ್, ಇನ್ನರ್ಧದಲ್ಲಿ ವೈ. ನನಗೆ ರಕ್ತವೇ ಇಷ್ಟ. ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಟ್ಯೂಬಿನಲ್ಲಿ ತಗೊಂಡು ತಣ್ಣಗಿಟ್ಟು ಬೇಗ ಬಿಳಿ ರಕ್ತಕಣ ಬೇರ್ಪಡಿಸ್ತೀವಿ, ಸಸ್ತನಿಗಳ ಕೆಂಪು ಕಣದಲ್ಲಿ ನ್ಯೂಕ್ಲಿಯಸ್ಸೇ ಇರಲ್ಲ, ಅಂದ್ರೆ ನಮಗೆ ಬೇಕಾದ ಡಿಎನ್‌ಎ ಇರಲ್ಲ. ಆಮೇಲಿನದು ಪೂರ್ತಿ ತಾಳ್ಮೆಯ ಕೆಲಸ. ಟ್ಯೂಬ್ ಜೋರಾಗಿ ಅಲ್ಲಾಡಿಸಿದ್ರೆ ಉದ್ದನೆಯ ಡಿಎನ್‌ಎ ತುಂಡಾಗತ್ತೆ, ಹಾಗಾಗಿ ಅಲ್ಲಾಡಿಸೋ ಹಾಗಿಲ್ಲ, ಟ್ಯೂಬ್ ಗಿರಗಿರ ಅಲುಗಿಸೋ ವೋರ್ಟೆಕ್ಸ್ ಮಿಷನ್ ಹತ್ರಾನೂ ಸುಳಿಯೋ ಹಾಗಿಲ್ಲ, ಪಿಪೆಟ್ ಟಿಪ್ ಅಗಲ ಬಾಯಿಂದು, ಅದನ್ನೂ ನಿಧಾನಕ್ಕೆ ಎಳೀಬೇಕು. ಡಿಎನ್‌ಎ ಚೆನ್ನಾಗಿ ಬಂದಿದ್ರೆ ಕಣ್ಣಿಗೇ ಗೊತ್ತಾಗತ್ತೆ, ಟಿಪ್ ಮೇಲೆತ್ತಿದಾಗ ದ್ರವ ತಟ್ಟನೆ ಕತ್ತರಿಸಲ್ಲ, ಎಳೆಯಾಗಿ ಹಿಂದೇನೇ ಬರತ್ತೆ, ಟ್ಯೂಬಿನ ಅಂಚಿಗೆ ತಾಗಿಸಿ ಬಿಡಿಸ್ಬೇಕಾಗತ್ತೆ.

ಎರಡು ಥರದ ಸೀಕ್ವೆನ್ಸಿಂಗ್ ಮಾಡ್ತೀನಿ. ಪ್ಯಾಕ್‌ಬಯೋ ಹೈಫೈ ರೀಡ್ ಹದಿನೈದು ಇಪ್ಪತ್ತು ಸಾವಿರ ಅಕ್ಷರ ಉದ್ದ, ತಪ್ಪು ತುಂಬಾ ಕಡಿಮೆ. ನ್ಯಾನೋಪೋರ್‌ದು ಲಕ್ಷ ಅಕ್ಷರ ದಾಟೋ ಉದ್ದದ ರೀಡ್, ತಪ್ಪು ಸ್ವಲ್ಪ ಜಾಸ್ತಿ. ಮೊದಲನೇದು ಒಂದೊಂದು ಅಕ್ಷರ ಸರಿಯಾಗಿ ಕೊಡತ್ತೆ, ಎರಡನೇದು ಪುನರಾವರ್ತನೆಯ ಈ ಕಡೆಯಿಂದ ಆ ಕಡೆಗೆ ದಾಟಿಸತ್ತೆ. ವೈಗೆ ಎರಡೂ ಬೇಕು. ಹೋರಿಯಲ್ಲಿ ಎಕ್ಸ್ ಒಂದೇ, ವೈ ಒಂದೇ, ಹಾಗಾಗಿ ಅಮ್ಮನ ಪ್ರತಿ ಅಪ್ಪನ ಪ್ರತಿ ಅಂತ ಬಿಡಿಸೋ ಕೆಲಸ ಇವೆರಡಕ್ಕೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಎಕ್ಸ್ ವೈ ಎರಡೂ ಹಂಚ್ಕೊಂಡಿರೋ ತುದಿಭಾಗ ಒಂದು ಬಿಟ್ಟು. ಆದ್ರೆ ಕವರೇಜ್, ಅಂದ್ರೆ ಒಂದೊಂದು ಅಕ್ಷರ ಸರಾಸರಿ ಎಷ್ಟು ಸಲ ಓದಿಸಿದ್ದೀವಿ ಅನ್ನೋದು, ಬೇರೆ ಕ್ರೋಮೋಸೋಮ್‌ಗಳಿಗಿಂತ ಅರ್ಧ. ವೈಗೆ ಮೂವತ್ತು ಪಟ್ಟು ಬೇಕಾದ್ರೆ ಇಡೀ ಜೀನೋಮ್‌ಗೆ ಅರವತ್ತು ಪಟ್ಟು ಓದಿಸ್ಬೇಕು. ದುಡ್ಡಿನ ಲೆಕ್ಕ ಹಾಕುವಾಗ ಇದನ್ನ ಮೊದಲೇ ಇಟ್ಕೊಳ್ಳಿ, ಆಮೇಲೆ ಹೊಂದಿಸೋದು ಕಷ್ಟ.

ಸಾಫ್ಟ್‌ವೇರ್ ರೀಡ್ ಎಲ್ಲ ಜೋಡಿಸಿ ಅಸೆಂಬ್ಲಿ ಕೊಟ್ಟ ಮೇಲೇ ನನ್ನ ನಿಜವಾದ ಕೆಲಸ. ಉದ್ದನೆಯ ಒಂದು ತುಂಡು ಬಂತು ಅಂದ ತಕ್ಷಣ ನಾನು ನಂಬಲ್ಲ. ಎಲ್ಲ ರೀಡ್‌ಗಳನ್ನ ವಾಪಸ್ ಅದರ ಮೇಲೆ ಕೂರಿಸಿ ಕವರೇಜ್ ಗ್ರಾಫ್ ಉದ್ದಕ್ಕೂ ನೋಡ್ಕೊಂಡು ಹೋಗ್ತೀನಿ. ಮಟ್ಟವಾಗಿ ಹೋಗ್ತಿದ್ದ ಗೆರೆ, ವೃಷಣದಲ್ಲಿ ಕೆಲಸ ಮಾಡೋ ಟಿಎಸ್‌ಪಿವೈ ಜೀನ್ ಇರೋ ಜಾಗದಲ್ಲಿ ಮೂರು ನಾಲ್ಕು ಪಟ್ಟು ಮೇಲೆದ್ರೆ, ಅಲ್ಲಿ ಹಲವು ಪ್ರತಿ ಒಂದರೊಳಗೊಂದು ಕುಸಿದು ಕೂತಿವೆ ಅಂತ ಅರ್ಥ. ಆಗ ಆ ಜಾಗದ ಅತಿ ಉದ್ದದ ರೀಡ್‌ಗಳನ್ನ ಹೆಕ್ಕಿ, ಪ್ರತಿಗಳ ನಡುವೆ ಒಂದೊಂದು ಅಕ್ಷರದ ವ್ಯತ್ಯಾಸ ಹಿಡ್ಕೊಂಡು ಒಂದಾದ ಮೇಲೆ ಒಂದು ಬಿಡಿಸ್ತಾ ಹೋಗೋದು. ಜೊತೆಗೆ ಹಸುವಿನ ಡೇಟಾನೂ ಅದರ ಮೇಲೆ ಕೂರಿಸಿ ನೋಡ್ತೀನಿ, ವೈಗೆ ಮಾತ್ರ ಸೇರಿದ ಭಾಗದಲ್ಲಿ ಹಸುವಿನ ರೀಡ್ ಬರಬಾರದು. ಕೊನೆಗೆ ಪ್ರತಿಗಳ ಸಂಖ್ಯೆಯನ್ನ ಡಿಜಿಟಲ್ ಪಿಸಿಆರ್‌ನಲ್ಲಿ ಬೇರೆಯಾಗಿ ಎಣಿಸ್ತೀವಿ. ಕಂಪ್ಯೂಟರ್ ಲೆಕ್ಕ, ಲ್ಯಾಬ್ ಲೆಕ್ಕ ಎರಡೂ ಹೊಂದೋವರೆಗೆ ನಾನು ಮುಂದೆ ಹೋಗಲ್ಲ.

ಪ್ರತಿಗಳ ಸಂಖ್ಯೆಗೆ ಇಷ್ಟು ಹಠ ಯಾಕೆ ಅಂದ್ರೆ, ಫಲವತ್ತತೆಯ ವಿಷಯ ಬಹುಪಾಲು ಅಲ್ಲೇ ಇದೆ. ಮನುಷ್ಯನ ವೈ ಪೂರ್ತಿ ಓದಿದಾಗ ಹೊಸದಾಗಿ ಸೇರಿದ 41 ಪ್ರೋಟೀನ್ ಜೀನ್‌ಗಳಲ್ಲಿ ಹೆಚ್ಚಿನವು ಟಿಎಸ್‌ಪಿವೈ ಪ್ರತಿಗಳೇ. ಹೋರಿಯ ವೈ 2020ರಲ್ಲಿ ಬಿಡಿಸಿದಾಗಲೂ ವೃಷಣದಲ್ಲಿ ಕೆಲಸ ಮಾಡೋ ಕೆಲವೇ ಜೀನ್ ಕುಟುಂಬಗಳು ರಾಶಿ ರಾಶಿ ಪ್ರತಿಗಳಾಗಿ ಹಬ್ಬಿರೋದು ಕಂಡಿತು. ಇಲಿಯಲ್ಲಿ ಇದರ ಕಾರಣ ಚೆನ್ನಾಗಿ ಗೊತ್ತಾಗಿದೆ: ವೈ ಮೇಲಿನ ಸ್ಲೈ ಜೀನ್, ಎಕ್ಸ್ ಮೇಲಿನ ಸ್ಲಕ್ಸ್ ಜೀನ್ ಒಂದಕ್ಕೊಂದು ಎದುರಾಳಿ, ಆ ಪೈಪೋಟಿಯಲ್ಲೇ ಎರಡರ ಪ್ರತಿಗಳೂ ಹೆಚ್ಚುತ್ತಾ ಹೋಗಿವೆ. ಸ್ಲೈ ತಗ್ಗಿಸಿದ್ರೆ ಹೆಣ್ಣುಮರಿ ಜಾಸ್ತಿ ಹುಟ್ತವೆ, ವೀರ್ಯಾಣು ಆಕಾರಾನೂ ಕೆಡತ್ತೆ. ಅಂದ್ರೆ ವೈ ಒಂದನ್ನೇ ಓದಿದ್ರೆ ಅರ್ಧ ಕಥೆ, ಅದೇ ಹೋರಿಯ ಎಕ್ಸ್ ಕೂಡ ಅಷ್ಟೇ ಶ್ರದ್ಧೆಯಿಂದ ಓದ್ಬೇಕು.

ಮನುಷ್ಯರ ಆರೋಗ್ಯಕ್ಕೆ ಇದು ನೇರವಾಗಿ ಬರತ್ತೆ. ವೀರ್ಯದಲ್ಲಿ ವೀರ್ಯಾಣುವೇ ಇಲ್ಲ ಅಂತ ಡಾಕ್ಟರ್ ಹತ್ರ ಹೋಗೋ ಕೆಲವು ಗಂಡಸರಲ್ಲಿ ವೈ ಮೇಲಿನ ಎಜೆಡ್‌ಎಫ್‌ಸಿ ಅನ್ನೋ ಭಾಗ, ಸುಮಾರು 35 ಲಕ್ಷ ಅಕ್ಷರ, ಒಟ್ಟಿಗೆ ಹಾರಿಹೋಗಿರತ್ತೆ. ಅಲ್ಲಿರೋ ಒಂದೇ ಥರದ ತುಂಡುಗಳು ಒಂದಕ್ಕೊಂದು ತಪ್ಪಾಗಿ ಜೋಡಿಯಾಗಿ ನಡುವಿನದು ಕಳಚಿಕೊಳ್ಳೋದೇ ಕಾರಣ. ಇನ್ನೊಂದು ಕಡೆ, ಬೇರೆ ಬೇರೆ ಸಸ್ತನಿಗಳ ವೈ ಪಕ್ಕಪಕ್ಕ ಇಟ್ಟು ನೋಡಿದಾಗ, ಹಳೇ ಕಾಲದ ಜೀನ್‌ಗಳಲ್ಲಿ ಉಳ್ಕೊಂಡ ಕೆಲವೇ ಕೆಲವು ಇಡೀ ದೇಹದಲ್ಲಿ ಕೆಲಸ ಮಾಡೋ ನಿಯಂತ್ರಕ ಜೀನ್‌ಗಳು ಅಂತ 2014ರಲ್ಲಿ ಗೊತ್ತಾಯ್ತು. ವಯಸ್ಸಾದ ಗಂಡಸರ ರಕ್ತಕಣದಲ್ಲಿ ವೈ ಕಳೆದುಹೋಗೋದು ಸಾಮಾನ್ಯ. 2022ರಲ್ಲಿ ಇಲಿಯ ರಕ್ತಕಣದಿಂದ ವೈ ತೆಗೆದು ನೋಡಿದಾಗ ಹೃದಯದ ಸ್ನಾಯು ನಾರುಗಟ್ಟಿ ದುರ್ಬಲ ಆಯ್ತು. ವೈ ಅಂದ್ರೆ ಬರೀ ಗಂಡು ಹೆಣ್ಣು ನಿರ್ಧಾರ ಅಂತ ಈಗಲೂ ಪಾಠ ಮಾಡ್ತಾರಲ್ಲ, ಅದು ನನಗೆ ನಿಜಕ್ಕೂ ಬೇಸರ.

ಒಂದು ಹೋರಿ ಓದಿ ನಿಲ್ಲಿಸೋ ಹಾಗೂ ಇಲ್ಲ. 43 ಗಂಡಸರ ವೈ ಓದಿದ 2023ರ ಕೆಲಸದಲ್ಲಿ ಅದರ ಉದ್ದವೇ 4.5 ಕೋಟಿಯಿಂದ 8.5 ಕೋಟಿ ಅಕ್ಷರದವರೆಗೆ ಬದಲಾಗಿತ್ತು. ಅದಕ್ಕೇ ನಾನೀಗ ಬೇರೆ ಬೇರೆ ತಂದೆ ವಂಶದ ಹೋರಿಗಳನ್ನ ಹುಡುಕ್ತಿದ್ದೀನಿ. ಕೃತಕ ಗರ್ಭಧಾರಣೆಯಿಂದಾಗಿ ಸಾವಿರಾರು ಹೋರಿಗಳಿಗೆ ಅಪ್ಪನ ಕಡೆಯಿಂದ ಒಂದೇ ಅಜ್ಜ ಇರ್ತಾನೆ, ಅವುಗಳಲ್ಲಿ ಹತ್ತು ಸ್ಯಾಂಪಲ್ ತಗೊಂಡ್ರೂ ಓದೋದು ಒಂದೇ ವೈ, ಹಾಗಾಗಿ ವಂಶಾವಳಿಯಲ್ಲಿ ಅಪ್ಪ, ಅಪ್ಪನ ಅಪ್ಪ ಅಂತ ಎಷ್ಟು ಹಿಂದೆ ಸಿಗತ್ತೋ ಅಷ್ಟೂ ನೋಡಿ ಆಮೇಲೇ ರಕ್ತ ತೆಗೆಸ್ತೀನಿ.