ಫ್ಲೈಟ್ ಕಂಟ್ರೋಲರ್ ಕನೆಕ್ಟ್ ಆಗ್ತಿಲ್ವಾ? ಬೋರ್ಡ್ ಎಸೆಯುವ ಮುಂಚೆ ಇದನ್ನು ಓದಿ

ಡ್ರೋನಿನ ಫ್ಲೈಟ್ ಕಂಟ್ರೋಲರ್ (ಹಾರಾಟ ನಿಯಂತ್ರಿಸುವ ಬೋರ್ಡ್) ಕಂಪ್ಯೂಟರಿಗೆ ಕನೆಕ್ಟ್ ಆಗದಿದ್ದರೆ ಹೆಚ್ಚಿನವರು ಮೊದಲು ಫರ್ಮ್‌ವೇರ್ (ಬೋರ್ಡಿನೊಳಗೆ ಓಡುವ ಪ್ರೋಗ್ರಾಂ) ಮತ್ತೆ ಹಾಕಲು ಹೋಗುತ್ತಾರೆ. ಅದೂ ಆಗದಿದ್ದರೆ ಬೋರ್ಡ್ ಸತ್ತಿದೆ ಎಂದುಕೊಂಡು ಹೊಸದು ತರಿಸುತ್ತಾರೆ. ಸ್ನೇಹಿತರು, ಪರಿಚಯದವರು ನನ್ನ ಹತ್ತಿರ ರಿಪೇರಿಗೆ ತರುವ ಬೋರ್ಡ್‌ಗಳಲ್ಲಿ ನಿಜವಾಗಿ ಸತ್ತವು ಕಡಿಮೆ. ಕೇಬಲ್ಲೋ, ಡ್ರೈವರ್ರೋ, ಇಲ್ಲವೇ ಬೋರ್ಡಿಗೆ ಸೋಲ್ಡರ್ ಮಾಡಿರುವ ಬೇರೆ ಯಾವುದೋ ಭಾಗವೋ ಅಡ್ಡ ನಿಂತಿರುತ್ತದೆ.

ನಾನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಚಿಪ್ಪಿನೊಳಗೇ ಇದೆ. ಬಹುಪಾಲು ಫ್ಲೈಟ್ ಕಂಟ್ರೋಲರ್‌ಗಳಲ್ಲಿ ಇರುವುದು ಎಸ್‌ಟಿಎಂ32 ಚಿಪ್: ಎಫ್405, ಎಫ್411, ಎಫ್722, ಎಚ್743, ಹೀಗೆ. ನಾವು ಬೀಟಾಫ್ಲೈಟ್, ಐನ್ಯಾವ್, ಆರ್ಡುಪೈಲಟ್ ಎಂಬ ಫರ್ಮ್‌ವೇರ್‌ಗಳನ್ನು ಹಾಕುವುದು ಅದರ ಫ್ಲ್ಯಾಶ್ ಮೆಮೊರಿಗೆ. ಅದಲ್ಲದೆ ಸಿಸ್ಟಮ್ ಮೆಮೊರಿ ಅಂತ ಇನ್ನೊಂದು ಜಾಗ ಇದೆ. ಚಿಪ್ ತಯಾರಾಗುವಾಗಲೇ ಅಲ್ಲಿ ಪುಟ್ಟದೊಂದು ಬೂಟ್‌ಲೋಡರ್ (ಹೊಸ ಫರ್ಮ್‌ವೇರ್ ಪಡೆದು ಫ್ಲ್ಯಾಶ್‌ಗೆ ಬರೆಯುವ ಪ್ರೋಗ್ರಾಂ) ಬರೆದಿರುತ್ತಾರೆ. ಅದನ್ನು ನಾವು ಅಳಿಸಲು ಆಗುವುದೇ ಇಲ್ಲ. ತಪ್ಪು ಫರ್ಮ್‌ವೇರ್ ಹಾಕಿ, ಬರೆಯುವಾಗ ಮಧ್ಯದಲ್ಲೇ ಕೇಬಲ್ ಕೀಳಿ, ಫ್ಲ್ಯಾಶ್ ಪೂರ್ತಿ ಖಾಲಿ ಮಾಡಿ, ಬೂಟ್‌ಲೋಡರ್ ಅಲ್ಲೇ ಇರುತ್ತದೆ. ಬರೀ ಫರ್ಮ್‌ವೇರ್ ಕೆಟ್ಟು ಬೋರ್ಡ್ ಶಾಶ್ವತವಾಗಿ ಹೋಯಿತು ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಯುಎಸ್‌ಬಿ ಚುಚ್ಚಿದಾಗ ಕಂಪ್ಯೂಟರಿಗೆ ಏನು ಕಾಣುತ್ತಿದೆ? ಉತ್ತರ ಮೂರರಲ್ಲಿ ಒಂದು. ಫರ್ಮ್‌ವೇರ್ ಸರಿಯಾಗಿ ಓಡುತ್ತಿದ್ದರೆ ಬೋರ್ಡ್ ಒಂದು ಸೀರಿಯಲ್ ಪೋರ್ಟ್ ಆಗಿ ಕಾಣುತ್ತದೆ. ಬೂಟ್‌ಲೋಡರ್ ಓಡುತ್ತಿದ್ದರೆ ಡಿಎಫ್‌ಯು (ಫರ್ಮ್‌ವೇರ್ ಹಾಕಿಸಿಕೊಳ್ಳುವ ಸ್ಥಿತಿ) ಸಾಧನವಾಗಿ ಕಾಣುತ್ತದೆ. ಇಲ್ಲವೇ ಏನೂ ಕಾಣುವುದಿಲ್ಲ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಅಂತ ತಿಳಿಯದೆ ಬಟನ್ ಒತ್ತುತ್ತಾ ಕೂತರೆ ಇಡೀ ಸಂಜೆ ಹಾಳು.

ನೋಡುವುದು ಹೇಗೆ? ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು ಕೇಬಲ್ ಚುಚ್ಚಿ. ಪೋರ್ಟ್ಸ್ ಕೆಳಗೆ ಹೊಸ ಕಾಮ್ ಪೋರ್ಟ್ ಬಂತಾ, ‘ಎಸ್‌ಟಿಎಂ32 ಬೂಟ್‌ಲೋಡರ್’ ಅಂತ ಬಂತಾ, ಸುಮ್ನೆ ಇದೆಯಾ ನೋಡಿ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಡಿ. 0483:5740 ಬಂದರೆ ಫರ್ಮ್‌ವೇರ್ ಓಡುತ್ತಿದೆ, 0483:ಡಿಎಫ್11 ಬಂದರೆ ಬೂಟ್‌ಲೋಡರ್. ನನಗಂತೂ ಲಿನಕ್ಸ್ ದಾರಿಯೇ ಇಷ್ಟ. ಡ್ರೈವರ್ ಏನೇ ಇರಲಿ, ಬಂದಿದೆಯೋ ಇಲ್ಲವೋ ಅನ್ನುವುದನ್ನು ಅದು ನೇರವಾಗಿ ತೋರಿಸುತ್ತದೆ.

ಏನೇ ಮಾಡುವ ಮೊದಲು ಪ್ರೊಪೆಲರ್ ಬಿಚ್ಚಿಡಿ. ಬ್ಯಾಟರಿ ಹಾಕಬೇಡಿ. ಇದನ್ನು ಬಿಡಿಸಿ ಹೇಳಬೇಕಿಲ್ಲ.

ಏನೂ ಕಾಣದಿದ್ದರೆ

ಮೊದಲ ಅನುಮಾನ ಕೇಬಲ್ ಮೇಲೆ. ಚಾರ್ಜಿಂಗಿಗೆ ಮಾತ್ರ ಇರುವ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡಿನ ಲೈಟ್ ಉರಿಯುತ್ತದೆ, ಕಂಪ್ಯೂಟರಿಗೆ ಏನೂ ತಿಳಿಯುವುದಿಲ್ಲ. ಲೈಟ್ ಉರಿದ ಮಾತ್ರಕ್ಕೆ ಕೇಬಲ್ ಚೆನ್ನಾಗಿದೆ ಅಂತಲ್ಲ. ಅದೇ ಕೇಬಲ್‌ನಲ್ಲಿ ಫೋನಿನಿಂದ ಫೋಟೋ ಕಂಪ್ಯೂಟರಿಗೆ ಹಾಕಿ ನೋಡಿ. ಫೋಟೋ ಹೋದರೆ ಕೇಬಲ್ ಸರಿ ಇದೆ.

ಟೈಪ್-ಸಿ ಇರುವ ಬೋರ್ಡ್‌ಗಳದ್ದು ಇನ್ನೊಂದು ಕಥೆ. ಎರಡೂ ತುದಿಯಲ್ಲಿ ಸಿ ಇರುವ ಕೇಬಲ್ ಕರೆಂಟ್ ಕೊಡಬೇಕಾದರೆ ಬೋರ್ಡಿನ ಕಡೆ ಎರಡು 5.1 ಕಿಲೋ ಓಮ್ ರೆಸಿಸ್ಟರ್ ಇರಬೇಕು. ಕೆಲವು ಬೋರ್ಡ್‌ಗಳಲ್ಲಿ ಅವನ್ನು ಹಾಕಿಯೇ ಇರುವುದಿಲ್ಲ. ಆಗ ಲೈಟ್ ಕೂಡ ಉರಿಯದೆ ಬೋರ್ಡ್ ತಣ್ಣಗೆ ಕೂತಿರುತ್ತದೆ. ಒಂದು ಕಡೆ ಹಳೆಯ ಅಗಲದ ಯುಎಸ್‌ಬಿ-ಎ ಇರುವ ಕೇಬಲ್ ಹಾಕಿದರೆ ಅದೇ ಬೋರ್ಡ್ ಎದ್ದು ಕೂರುತ್ತದೆ. ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ.

ಕೇಬಲ್ ಸರಿಯಿದ್ದೂ ಏನೂ ಕಾಣದಿದ್ದರೆ ಬೂಟ್ ಬಟನ್ ಪರೀಕ್ಷೆ ಮಾಡಿ. ಕೇಬಲ್ ಕಿತ್ತು, ಬೋರ್ಡಿನ ಬೂಟ್ ಬಟನ್ ಒತ್ತಿ ಹಿಡಿದೇ ಮತ್ತೆ ಚುಚ್ಚಿ, ಎರಡು ಸೆಕೆಂಡ್ ಬಿಟ್ಟು ಕೈ ತೆಗೆಯಿರಿ. ಬಟನ್ ಒತ್ತಿದಾಗ ಚಿಪ್ಪಿನ ಬೂಟ್0 ಪಿನ್‌ಗೆ 3.3 ವೋಲ್ಟ್ ಹೋಗುತ್ತದೆ. ಪವರ್ ಬರುವ ಕ್ಷಣದಲ್ಲಿ ಆ ಪಿನ್‌ಗೆ ಈ ವೋಲ್ಟೇಜ್ ಸಿಕ್ಕಿದ್ದರೆ ಚಿಪ್ ಫ್ಲ್ಯಾಶ್ ಕಡೆ ತಿರುಗಿಯೂ ನೋಡದೆ ಸೀದಾ ಬೂಟ್‌ಲೋಡರಿಗೆ ಹೋಗುತ್ತದೆ. ಕರೆಂಟ್ ಬಂದ ಮೇಲೆ ಒತ್ತಿದರೆ ಪ್ರಯೋಜನ ಇಲ್ಲ. ಬಟನ್ ಸಾಸಿವೆ ಕಾಳಿನಷ್ಟು ಚಿಕ್ಕದು, ಫ್ರೇಮಿನ ಒಳಗೆ ಬೆರಳು ಹೋಗುವುದಿಲ್ಲ. ನಾನು ಪ್ಲಾಸ್ಟಿಕ್ ಕಡ್ಡಿ ಬಳಸುತ್ತೇನೆ. ಲೋಹದ ಟ್ವೀಜರ್ ಜಾರಿದರೆ ಪಕ್ಕದ ಪ್ಯಾಡ್‌ಗಳು ಶಾರ್ಟ್ ಆಗುತ್ತವೆ. ಬಟನ್ ಇಲ್ಲದ ಬೋರ್ಡಿನಲ್ಲಿ ‘ಬೂಟ್’ ಎಂದು ಬರೆದ ಎರಡು ಪ್ಯಾಡ್ ಇರುತ್ತವೆ. ಚುಚ್ಚುವಾಗ ಅವೆರಡನ್ನೂ ತಂತಿಯಿಂದ ಸೇರಿಸಿ ಹಿಡಿಯಬೇಕು.

ಡಿಎಫ್‌ಯು ಬಂತಾ? ಹಾಗಾದರೆ ಚಿಪ್, ಕೇಬಲ್, ಯುಎಸ್‌ಬಿ ಸಾಕೆಟ್ ಮೂರೂ ಚೆನ್ನಾಗಿವೆ. ಕೆಟ್ಟಿರುವುದು ಫರ್ಮ್‌ವೇರ್ ಅಷ್ಟೇ.

ಡಿಎಫ್‌ಯು ಕೂಡ ಬರದಿದ್ದರೆ

ಹೆಚ್ಚಿನವರು ಕೈಬಿಡುವುದು ಇಲ್ಲೇ. ಆದರೆ ಎಲ್ಲಕ್ಕಿಂತ ಜಾಸ್ತಿ ಬೋರ್ಡ್ ಉಳಿಯುವುದೂ ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ ಬೂಟ್‌ಲೋಡರ್ ಯುಎಸ್‌ಬಿ ಒಂದನ್ನೇ ಕಾಯುತ್ತಾ ಕೂತಿರುವುದಿಲ್ಲ. ಕೆಲವು ಯುಎಆರ್‌ಟಿಗಳ (ಜಿಪಿಎಸ್, ರಿಸೀವರ್‌ನಂಥ ಭಾಗ ಜೋಡಿಸುವ ಸೀರಿಯಲ್ ಪೋರ್ಟ್‌ಗಳ) ಮೇಲೂ ಕಿವಿ ಇಟ್ಟಿರುತ್ತದೆ. ಎಫ್405ರಲ್ಲಿ ಅವು 1 ಮತ್ತು 3, ಎಫ್411ರಲ್ಲಿ 1 ಮತ್ತು 2. ಯಾರು ಮೊದಲು ಮಾತಾಡಿದರೋ ಅವರ ಕಡೆಗೇ ತಿರುಗಿಬಿಡುತ್ತದೆ. ಈಗ ಯೋಚಿಸಿ, ಯುಎಆರ್‌ಟಿ 3ಕ್ಕೆ ಜಿಪಿಎಸ್ ಸೋಲ್ಡರ್ ಆಗಿದೆ. ಯುಎಸ್‌ಬಿ ಚುಚ್ಚಿದ ತಕ್ಷಣ ಜಿಪಿಎಸ್‌ಗೂ 5 ವೋಲ್ಟ್ ಸಿಗುತ್ತದೆ, ಅದು ಯಾರೂ ಕೇಳದಿದ್ದರೂ ಡೇಟಾ ಕಳಿಸುತ್ತಲೇ ಇರುತ್ತದೆ. ಬೂಟ್‌ಲೋಡರ್ ಅದರ ಮಾತು ಕೇಳಲು ಹೋಗಿ ಯುಎಸ್‌ಬಿಯನ್ನು ಮರೆಯುತ್ತದೆ. ನೀವು ಎಷ್ಟು ಸಲ ಬಟನ್ ಒತ್ತಿದರೂ ಡಿಎಫ್‌ಯು ಬರುವುದಿಲ್ಲ.

ಸ್ನೇಹಿತರೊಬ್ಬರು ತಂದ ಎಫ್405 ಬೋರ್ಡ್ ಹೀಗೇ ಇತ್ತು. ಪವರ್ ಲೈಟ್ ಉರಿಯುತ್ತಿದೆ, ಚಿಪ್ ಬಿಸಿಯಾಗಿಲ್ಲ, ಬೂಟ್ ಬಟನ್ ಒತ್ತಿದಾಗ ಸ್ಟೇಟಸ್ ಲೈಟ್ ಮಿನುಗುವುದು ನಿಲ್ಲುತ್ತದೆ. ಅಂದರೆ ಬಟನ್ ಕೆಲಸ ಮಾಡುತ್ತಿದೆ, ಚಿಪ್ ಬೂಟ್‌ಲೋಡರಿಗೆ ಹೋಗುತ್ತಿದೆ. ಆದರೂ ಕಂಪ್ಯೂಟರಿಗೆ ಏನೂ ಕಾಣದು. ಜಿಪಿಎಸ್‌ನಿಂದ ಬೋರ್ಡಿನ ಆರ್‌ಎಕ್ಸ್ (ಡೇಟಾ ಪಡೆಯುವ) ಪ್ಯಾಡ್‌ಗೆ ಬರುವ ಒಂದೇ ಒಂದು ತಂತಿಯನ್ನು ಬಿಡಿಸಿದೆ. ಮರುಕ್ಷಣ ಪಟ್ಟಿಯಲ್ಲಿ ಡಿಎಫ್‌ಯು ಬಂತು. ಆ ತಂತಿ ಬಿಟ್ಟರೆ ಬೇರೆ ಏನನ್ನೂ ಮುಟ್ಟಬೇಕಾಗಲಿಲ್ಲ.

ರಿಸೀವರ್ ಕೂಡ ಇದೇ ಕೆಲಸ ಮಾಡಬಹುದು. ಫರ್ಮ್‌ವೇರ್ ಹಾಕುವಾಗ ರಿಮೋಟ್ ಆಫ್ ಮಾಡಿಡಿ. ಅದಕ್ಕೂ ಬಗ್ಗದಿದ್ದರೆ ರಿಸೀವರ್, ಜಿಪಿಎಸ್, ವಿಡಿಯೋ ಟ್ರಾನ್ಸ್‌ಮಿಟರ್ ಎಲ್ಲವನ್ನೂ ಬಿಡಿಸಿ, ಬರೀ ಬೋರ್ಡ್ ಇಟ್ಟುಕೊಂಡು ನೋಡಿ. ಬಿಡಿಸುವುದರಲ್ಲಿ ಇನ್ನೊಂದು ಲಾಭ ಇದೆ. ಆ ಭಾಗಗಳಲ್ಲಿ ಯಾವುದಾದರೂ ಶಾರ್ಟ್ ಆಗಿ 5 ವೋಲ್ಟನ್ನು ಕೆಳಗೆ ಎಳೆಯುತ್ತಿದ್ದರೆ ಅದೂ ಗೊತ್ತಾಗುತ್ತದೆ.

ಬರೀ ಬೋರ್ಡ್ ಕೂಡ ಮೌನವಾಗಿದ್ದರೆ ಮಲ್ಟಿಮೀಟರ್ ತೆಗೆಯಿರಿ. 5 ವೋಲ್ಟ್ ಪ್ಯಾಡ್‌ನಲ್ಲಿ ಹತ್ತಿರ ಹತ್ತಿರ 5, 3.3 ಪ್ಯಾಡ್‌ನಲ್ಲಿ 3.3 ಬರಬೇಕು. 5 ಇದ್ದು 3.3 ಇಲ್ಲದಿದ್ದರೆ ರೆಗ್ಯುಲೇಟರ್ ಹೋಗಿದೆ, ಇಲ್ಲವೇ ಅದರ ಮುಂದೆ ಏನೋ ಶಾರ್ಟ್ ಆಗಿದೆ. ಕೇಬಲ್ ಕಿತ್ತು 3.3ಕ್ಕೂ ಗ್ರೌಂಡಿಗೂ ಮಧ್ಯೆ ಮೀಟರ್ ಇಡಿ, ಬೀಪ್ ಅಂತ ಬಡಿದುಕೊಂಡರೆ ಶಾರ್ಟ್. ಮುಖ್ಯ ಚಿಪ್ ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಅದು ಒಳಗೇ ಸುಟ್ಟಿದೆ. ಇಎಸ್‌ಸಿಯಿಂದ (ಮೋಟಾರ್ ವೇಗ ನಿಯಂತ್ರಿಸುವ ಬೋರ್ಡ್) ಬರುವ ಎಂಟು ಪಿನ್ನಿನ ಕೇಬಲ್‌ನಲ್ಲಿ ಪಿನ್‌ಗಳ ಕ್ರಮ ತಿರುವುಮುರುವಾಗಿ, ಬ್ಯಾಟರಿ ವೋಲ್ಟೇಜ್ ಸಿಗ್ನಲ್ ಪಿನ್‌ಗೆ ಹೋದಾಗ ಹೀಗಾಗುತ್ತದೆ. ಬೇರೆ ಬೇರೆ ತಯಾರಕರ ಇಎಸ್‌ಸಿ ಮತ್ತು ಬೋರ್ಡ್ ಸೇರಿಸುವಾಗ ಎರಡೂ ಕಡೆಯ ಪಿನ್ ಚಿತ್ರ ಇಟ್ಟುಕೊಂಡು ಒಂದೊಂದೇ ತಂತಿ ಹೊಂದಿಸಿ ನೋಡುವುದನ್ನು ದಯವಿಟ್ಟು ಬಿಡಬೇಡಿ. ಜೋರಾಗಿ ಬಿದ್ದ ಡ್ರೋನ್ ಆದರೆ ಯುಎಸ್‌ಬಿ ಸಾಕೆಟ್‌ನ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬಿರುಕು ಬಿಟ್ಟ ಸೋಲ್ಡರ್ ಬರಿಗಣ್ಣಿಗೆ ಕಾಣುವುದಿಲ್ಲ.

ಡಿಎಫ್‌ಯು ಇದೆ, ಫರ್ಮ್‌ವೇರ್ ಹೋಗ್ತಿಲ್ಲ

ವಿಂಡೋಸ್ ಆದರೆ ಇದು ಬಹುಪಾಲು ಡ್ರೈವರ್ ಕಾಟ. ಕಾನ್ಫಿಗರೇಟರ್‌ಗೆ (ಫರ್ಮ್‌ವೇರ್ ಹಾಕುವ, ಸೆಟ್ಟಿಂಗ್ ಬದಲಿಸುವ ಕಂಪ್ಯೂಟರ್ ಪ್ರೋಗ್ರಾಂ) ವಿನ್‌ಯುಎಸ್‌ಬಿ ಡ್ರೈವರ್ ಬೇಕು, ವಿಂಡೋಸ್ ಬೇರೆ ಏನನ್ನೋ ಅಂಟಿಸಿರುತ್ತದೆ. ಇಂಪಲ್ಸ್ಆರ್‌ಸಿ ಡ್ರೈವರ್ ಫಿಕ್ಸರ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿದರೆ ಹೆಚ್ಚಿನ ಸಲ ಅದೇ ಸರಿಮಾಡುತ್ತದೆ. ಅದು ಕೈಕೊಟ್ಟರೆ ಡ್ರೈವರ್ ಬದಲಿಸುವ ಝಾಡಿಗ್ ಪ್ರೋಗ್ರಾಂ. ಝಾಡಿಗ್‌ನಲ್ಲಿ ಎಲ್ಲ ಸಾಧನ ತೋರಿಸುವ ಆಯ್ಕೆ ಹಾಕಿ, ‘ಎಸ್‌ಟಿಎಂ32 ಬೂಟ್‌ಲೋಡರ್’ ಆರಿಸಿ, ವಿನ್‌ಯುಎಸ್‌ಬಿ ಇಟ್ಟು ಡ್ರೈವರ್ ಬದಲಿಸಿ. ಪಟ್ಟಿಯಲ್ಲಿ ನಿಮ್ಮ ಕೀಬೋರ್ಡ್, ಮೌಸ್ ಕೂಡ ಇರುತ್ತವೆ. ಹೆಸರು ಎರಡು ಸಲ ಓದಿ ಆಮೇಲೆ ಒತ್ತಿ. ಬೋರ್ಡ್ ಸೀರಿಯಲ್ ಪೋರ್ಟ್ ಆಗಿ ಕಾಣುತ್ತಿರುವಾಗ ಈ ಡ್ರೈವರ್ ಹಾಕಿದರೆ ಕಾಮ್ ಪೋರ್ಟ್ ಮಾಯವಾಗುತ್ತದೆ. ಹಾಗಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನವನ್ನು ಡ್ರೈವರ್ ಸಮೇತ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಚುಚ್ಚಿ.

ಹೊಸ ಬೋರ್ಡ್‌ಗಳಲ್ಲಿ ಕೆಲವಕ್ಕೆ ಎಸ್‌ಟಿಎಂ32 ಬದಲು ಎಟಿ32 ಚಿಪ್ ಇರುತ್ತದೆ. ಡಿಎಫ್‌ಯುನಲ್ಲಿ ಅದರ ಹೆಸರೂ ನಂಬರೂ ಬೇರೆ. ಎಸ್‌ಟಿಎಂಗೆ ಹಾಕಿದ ಡ್ರೈವರ್ ಅದಕ್ಕೆ ಹೊಂದುವುದಿಲ್ಲ, ಝಾಡಿಗ್‌ನಲ್ಲಿ ಇನ್ನೊಂದು ಸಲ ಮಾಡಬೇಕು.

ಬ್ರೌಸರ್‌ನಲ್ಲಿ ಓಡುವ ಕಾನ್ಫಿಗರೇಟರ್ ಬಳಸುವುದಾದರೆ ಕ್ರೋಮ್ ಅಥವಾ ಎಡ್ಜ್ ತೆರೆಯಿರಿ. ಲಿನಕ್ಸ್‌ನಲ್ಲಿ ಡಿಎಫ್‌ಯು ಸಾಧನಕ್ಕೆ ಯುಡೆವ್ ರೂಲ್ (ಸಾಧನ ಬಳಸಲು ಅನುಮತಿ ಕೊಡುವ ನಿಯಮ) ಬರೆಯದಿದ್ದರೆ ಅನುಮತಿ ಸಿಗುವುದಿಲ್ಲ.

ಬೋರ್ಡ್ ಆಗಲೇ ಡಿಎಫ್‌ಯುನಲ್ಲಿ ಇದ್ದರೆ ಕಾನ್ಫಿಗರೇಟರ್‌ನಲ್ಲಿ ‘ನೋ ರೀಬೂಟ್ ಸೀಕ್ವೆನ್ಸ್’ ಆನ್ ಮಾಡಿ, ‘ಫುಲ್ ಚಿಪ್ ಇರೇಸ್’ ಕೂಡ ಆನ್ ಮಾಡಿ. ಆರ್ಡುಪೈಲಟ್‌ನಿಂದ ಬೀಟಾಫ್ಲೈಟ್‌ಗೆ ಬರುವಾಗ ಚಿಪ್ ಪೂರ್ತಿ ಅಳಿಸುವುದು ಬೇಕೇ ಬೇಕು. ಬೀಟಾಫ್ಲೈಟ್‌ನಿಂದ ಆರ್ಡುಪೈಲಟ್‌ಗೆ ಹೋಗುವಾಗ ಮೊದಲ ಸಲ ‘ವಿತ್ ಬಿಎಲ್’ ಎಂದಿರುವ ಹೆಕ್ಸ್ ಫೈಲನ್ನು ಎಸ್‌ಟಿಎಂ32 ಕ್ಯೂಬ್ ಪ್ರೋಗ್ರಾಮರ್‌ನಿಂದ ಹಾಕಬೇಕು, ಆಮೇಲಿನ ಅಪ್‌ಡೇಟ್‌ಗಳು ಆರ್ಡುಪೈಲಟ್‌ನ ಮಿಷನ್ ಪ್ಲ್ಯಾನರ್ ಪ್ರೋಗ್ರಾಂನಿಂದಲೇ ಆಗುತ್ತವೆ. ಓದದಂತೆ ಬೀಗ ಹಾಕಿದೆ ಎಂಬ ಅರ್ಥದ ಎರರ್ ಬಂದರೆ ಹೆದರಬೇಡಿ. ಬೀಗ ತೆಗೆಯಲು ಒಪ್ಪಿಗೆ ಕೊಡಿ. ಫ್ಲ್ಯಾಶ್ ಖಾಲಿಯಾಗುತ್ತದೆ. ಕೇಬಲ್ ಕಿತ್ತು, ಮತ್ತೆ ಡಿಎಫ್‌ಯುಗೆ ಬಂದು ಫರ್ಮ್‌ವೇರ್ ಹಾಕಿ.

ಪೋರ್ಟ್ ಇದೆ, ಕನೆಕ್ಟ್ ಒತ್ತಿದರೆ ಸುಮ್ನೆ ಕೂರುತ್ತದೆ

ಪೋರ್ಟ್ ತೆರೆಯಲೇ ಆಗುತ್ತಿಲ್ಲ ಅಂದರೆ ಬೇರೆ ಪ್ರೋಗ್ರಾಂ ಅದನ್ನು ಹಿಡಿದಿದೆ. ಆರ್ಡುಯಿನೋ ಸೀರಿಯಲ್ ಮಾನಿಟರ್, 3ಡಿ ಪ್ರಿಂಟರ್ ಸ್ಲೈಸರ್, ಮಿಷನ್ ಪ್ಲ್ಯಾನರ್, ಇನ್ನೊಂದು ಟ್ಯಾಬ್‌ನಲ್ಲಿರುವ ಕಾನ್ಫಿಗರೇಟರ್, ಎಲ್ಲ ಮುಚ್ಚಿ. ಲಿನಕ್ಸ್‌ನಲ್ಲಿ ಮೋಡೆಮ್ ಮ್ಯಾನೇಜರ್ ಎಂಬುದು ನಿಮ್ಮ ಬೋರ್ಡನ್ನು ಮೋಡೆಮ್ ಅಂದುಕೊಂಡು ಹಿಡಿಯುತ್ತದೆ, ಅದನ್ನು ತೆಗೆದುಹಾಕಿ. ಉಬುಂಟು, ಡೆಬಿಯನ್‌ನಲ್ಲಿ ನಿಮ್ಮ ಯೂಸರ್ ‘ಡಯಲ್ಔಟ್’ ಗುಂಪಿನಲ್ಲಿ ಇರಬೇಕು. ಸೇರಿಸಿದ ಮೇಲೆ ಲಾಗ್ಔಟ್ ಆಗಿ ಬರಲೇಬೇಕು, ಇಲ್ಲದಿದ್ದರೆ ಸೇರಿಸಿಯೂ ಸೇರಿಸದ ಹಾಗೆ.

ಪೋರ್ಟ್ ತೆರೆದು, ಹತ್ತು ಸೆಕೆಂಡಿನಲ್ಲಿ ಉತ್ತರ ಬರಲಿಲ್ಲ ಎಂದರೆ ಮೊದಲು ನೀವು ಆರಿಸಿದ್ದು ಬ್ಲೂಟೂತ್ ಪೋರ್ಟ್ ಅಲ್ಲ ತಾನೇ ನೋಡಿ. ಆಮೇಲೆ ಕಾನ್ಫಿಗರೇಟರ್ ಫರ್ಮ್‌ವೇರಿಗಿಂತ ತೀರಾ ಹಳೆಯದಾ ನೋಡಿ. ಪೋರ್ಟ್ಸ್ ಪುಟದಲ್ಲಿ ಏನೋ ಬದಲಿಸಿದ ಮೇಲೆ ಶುರುವಾಗಿದ್ದರೆ ತಪ್ಪು ಅಲ್ಲೇ ಇದೆ. ಡಿಎಫ್‌ಯುಗೆ ಹೋಗಿ ಚಿಪ್ ಪೂರ್ತಿ ಅಳಿಸಿ ಹಾಕುವುದೇ ದಾರಿ. ಆ ಪುಟದಲ್ಲಿ ಯುಎಸ್‌ಬಿ ವಿಸಿಪಿ (ಯುಎಸ್‌ಬಿ ಮೂಲಕದ ಸೀರಿಯಲ್ ಪೋರ್ಟ್) ಎಂದಿರುವ ಸಾಲನ್ನು ಯಾವತ್ತೂ ಮುಟ್ಟಬೇಡಿ.

ಸರಿಯಾದ ಫೈಲ್ ಆರಿಸುವುದು

ಕನೆಕ್ಟ್ ಆಗುತ್ತದೆ, ಆದರೆ ಪರದೆಯ ಮೇಲಿನ ಡ್ರೋನ್ ಚಿತ್ರ ಅಲುಗಾಡುವುದಿಲ್ಲ. ಇದು ತಪ್ಪು ಟಾರ್ಗೆಟ್‌ನ (ಬೇರೆ ಬೋರ್ಡಿಗೆ ಮಾಡಿದ ಫರ್ಮ್‌ವೇರಿನ) ಗುರುತು. ಚಿಪ್ ಒಂದೇ ಆದರೂ ಗೈರೋ (ತಿರುಗುವಿಕೆ ಅಳೆಯುವ ಸೆನ್ಸರ್), ಮೋಟಾರ್, ಯುಎಆರ್‌ಟಿಗಳನ್ನು ಒಬ್ಬೊಬ್ಬ ತಯಾರಕರು ಒಂದೊಂದು ಪಿನ್‌ಗೆ ಜೋಡಿಸಿರುತ್ತಾರೆ. ‘ಎಫ್405’ ಅಂತ ಇದ್ದರೆ ಸಾಕು ಅನ್ನುವ ಹಾಗಿಲ್ಲ, ಬೋರ್ಡಿನ ಪೂರ್ತಿ ಹೆಸರು ಹೊಂದಬೇಕು. ಬೋರ್ಡ್ ಇನ್ನೂ ಮಾತಾಡುತ್ತಿರುವಾಗಲೇ ಕಾನ್ಫಿಗರೇಟರ್‌ನ ಸಿಎಲ್ಐನಲ್ಲಿ (ಕಮಾಂಡ್ ಬರೆಯುವ ಪುಟ) ‘ವರ್ಷನ್’ ಕೊಟ್ಟು ಆ ಹೆಸರು ಬರೆದಿಟ್ಟುಕೊಳ್ಳಿ. ‘ಡಿಫ್ ಆಲ್’ ಕೊಟ್ಟು ಬಂದದ್ದನ್ನು (ನೀವು ಬದಲಿಸಿದ ಸೆಟ್ಟಿಂಗ್‌ಗಳ ಪಟ್ಟಿ) ಒಂದು ಫೈಲಿಗೆ ಉಳಿಸಿ. ಟಾರ್ಗೆಟ್ ಸರಿಯಿದ್ದೂ ಗೈರೋ ಸಿಗದಿದ್ದರೆ ಫರ್ಮ್‌ವೇರ್ ಹಳೆಯದಿರಬಹುದು. ಎಂಪಿಯು6000 ಬದಲು ಬಿಎಂಐ270 ಗೈರೋ ಹಾಕಿ ಬಂದ ಬೋರ್ಡ್‌ಗಳಿಗೆ ಬೀಟಾಫ್ಲೈಟ್ 4.3 ಅಥವಾ ಅದಕ್ಕಿಂತ ಹೊಸದನ್ನು ಹಾಕಿ. ಉಲ್ಟಾ ಕೂಡ ಇದೆ. ಎಫ್3 ಚಿಪ್ಪಿನ ಹಳೆಯ ಬೋರ್ಡ್‌ಗಳಿಗೆ 4.0 ಕೊನೆ, ಮುಂದಿನದು ಅವಕ್ಕೆ ಇಲ್ಲ.

ಬೀಟಾಫ್ಲೈಟ್ 4.4ರಿಂದ ಫರ್ಮ್‌ವೇರ್ ಹಾಕುವಾಗಲೇ ರಿಸೀವರ್ ಪ್ರೋಟೋಕಾಲ್, ಮೋಟಾರ್ ಪ್ರೋಟೋಕಾಲ್, ಜಿಪಿಎಸ್ ಬೇಕಾ ಅಂತ ಕೇಳುತ್ತದೆ. ಆರಿಸದೇ ಬಿಟ್ಟದ್ದು ಫರ್ಮ್‌ವೇರಿನಲ್ಲೇ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ರಿಸೀವರ್ ಸಿಗುತ್ತಿಲ್ಲ ಅಂದರೆ ತಂತಿ ಹುಡುಕುವ ಮೊದಲು ಅಲ್ಲಿ ನೋಡಿ.

ಹಾಕಿದ ಮೇಲೆ ಉಳಿಸಿದ್ದ ಡಿಫ್ ಅನ್ನು ಅದೇ ವರ್ಷನ್‌ಗೆ ಮಾತ್ರ ಪೂರ್ತಿ ಪೇಸ್ಟ್ ಮಾಡಿ. 4.2ರದ್ದನ್ನು 4.5ಕ್ಕೆ ಹಾಗೇ ಸುರಿಯಬೇಡಿ. ಪೋರ್ಟ್, ಮೋಡ್, ರೇಟ್ ಸಾಲುಗಳನ್ನು ನೋಡಿಕೊಂಡು ಹಾಕಿ, ಪಿಐಡಿ ಮತ್ತು ಫಿಲ್ಟರ್ (ಹಾರಾಟದ ಸ್ಥಿರತೆ ಹೊಂದಿಸುವ ಸೆಟ್ಟಿಂಗ್‌ಗಳು) ಹೊಸದರಲ್ಲಿ ಏನಿದೆಯೋ ಅದೇ ಇರಲಿ. ಬೋರ್ಡನ್ನು ಮುಂದಕ್ಕೆ ಬಾಗಿಸಿ, ಚಿತ್ರವೂ ಮುಂದಕ್ಕೇ ಬಾಗಬೇಕು. ಈಗ ಮಾತ್ರ ಬ್ಯಾಟರಿ ಹಾಕಿ ಮೋಟಾರ್‌ಗಳನ್ನು ಒಂದೊಂದಾಗಿ ತಿರುಗಿಸಿ, ನಂಬರು ಮತ್ತು ದಿಕ್ಕು ಎರಡೂ ಹೊಂದಬೇಕು. ಪ್ರೊಪೆಲರ್ ಹಾಕುವುದು ಅದಾದ ಮೇಲೆ.