ಬೇಗ ಕತ್ತಲಾಗುವ ದಿನಗಳಿಗೆ ಬಟ್ಟೆಯ ಹಕ್ಕಿಗಳು

ಚಳಿಗಾಲ ಬಂತೆಂದರೆ ನಮ್ಮ ಹಾಲ್ ಸಂಜೆಗೆ ಮುಂಚೆಯೇ ಮಂಕಾಗಿಬಿಡುತ್ತದೆ. ಲೈಟ್ ಹಾಕಿ ಕೂತರೂ ಕಿಟಕಿ, ಗೋಡೆ ಎಲ್ಲಾ ಬೋಳು ಬೋಳು. ಆ ಬೇಸರಕ್ಕೇ ಹಳೆ ಬಟ್ಟೆಯ ಗಂಟು ಬಿಚ್ಚಿದೆ. ಎರಡು ಹಕ್ಕಿ, ನಾಲ್ಕು ನಕ್ಷತ್ರ ಹೊಲಿದು ತೂಗುಹಾಕಿದರೆ ಆಯ್ತು, ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಹದಿನೈದು ದಿನ ಹಿಡಿಯಿತು.

ಮೊದಲು ಎಡವಿದ್ದು ಬಣ್ಣದಲ್ಲಿ. ಮಧ್ಯಾಹ್ನ ಕೂತು ಕಡು ನೀಲಿ, ಕಡು ಹಸಿರು, ನೇರಳೆ ತುಂಡುಗಳನ್ನು ಆರಿಸಿದ್ದೆ. ಬಿಸಿಲಲ್ಲಿ ಎಷ್ಟು ಚೆನ್ನಾಗಿದ್ದವು! ಸಂಜೆ ದೀಪ ಹಾಕಿದ ಮೇಲೆ ನೋಡಿದರೆ ಕಿಟಕಿ ತುಂಬಾ ಕರಿ ಮಚ್ಚೆಗಳು. ಹಳದಿ ಬೆಳಕಿನ ಬಲ್ಬಿನಲ್ಲಿ ನೀಲಿ ಬೆಳಕು ಕಡಿಮೆ. ಬಟ್ಟೆಯ ಮೇಲೆ ಬೀಳದ ಬಣ್ಣ ಕಣ್ಣಿಗೆ ಎಲ್ಲಿಂದ ಬರಬೇಕು? ಅಲ್ಲಿಂದ ಮುಂದೆ ಬಟ್ಟೆ ಆರಿಸುವ ಕೆಲಸವನ್ನು ಸಂಜೆಗೇ ಇಟ್ಟುಕೊಂಡೆ. ತುಂಡುಗಳನ್ನು ಗುಂಡುಸೂಜಿಯಿಂದ ಪರದೆಗೆ ಸಿಕ್ಕಿಸಿ, ಕೋಣೆಯ ಆ ತುದಿಗೆ ಹೋಗಿ ನಿಂತು ನೋಡುವುದು. ಅರಿಶಿನದ ಹಳದಿ, ಇಟ್ಟಿಗೆ ಕೆಂಪು, ಮಾಸಲು ಬಿಳಿ ತಾವಾಗೇ ಎದ್ದು ಬಂದವು. ನೀಲಿ ಬೇಕೇ ಬೇಕು ಅನಿಸಿದಾಗ ಬಿಳಿ ಚುಕ್ಕಿ ಇದ್ದ ತಿಳಿ ನೀಲಿ ತೆಗೆದುಕೊಂಡೆ.

ಎರಡನೆಯದು ಅಳತೆ. ಚಿಕ್ಕದಾದಷ್ಟೂ ಸುಲಭ ಅಂತ ನಮಗೆಲ್ಲ ಅನಿಸುತ್ತದೆ, ಅಲ್ವಾ? ಐದು ಸೆಂಟಿಮೀಟರಿನ ನಕ್ಷತ್ರವನ್ನು ಉಲ್ಟಾ ಹೊಲಿದು ತಿರುಗಿಸಲು ಹೋದೆ. ಅರ್ಧ ಗಂಟೆ ಗುದ್ದಾಡಿದ ಮೇಲೆ ಒಂದು ಮೂಲೆ ಕಿತ್ತುಕೊಂಡು ಹೊರಬಂತು. ಈಗ ಅಂಗೈಗಿಂತ ಚಿಕ್ಕದನ್ನು ನಾನು ತಿರುಗಿಸುವುದೇ ಇಲ್ಲ. ಫೆಲ್ಟ್ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ತುಂಡು ಎರಡು ಜೋಡಿಸಿ ಹೊರಗಿನಿಂದಲೇ ಬ್ಲಾಂಕೆಟ್ ಸ್ಟಿಚ್, ಅಂದರೆ ಅಂಚನ್ನು ಸುತ್ತಿ ಹಿಡಿಯುವ ಹೊಲಿಗೆ, ಹಾಕಿಬಿಡುತ್ತೇನೆ. ಫೆಲ್ಟ್ ಎಳೆ ಬಿಡುವುದಿಲ್ಲ, ಅಂಚು ಮಡಚುವ ರಗಳೆ ಇಲ್ಲ.

ಫೆಲ್ಟ್ ಖಾಲಿಯಾದಾಗ ಹಳೆ ಸ್ವೆಟರ್ ಬಿಸಿನೀರಲ್ಲಿ ಒಗೆದು ದಪ್ಪ ಮಾಡಿಕೊಳ್ಳೋಣ ಅಂತ ಹೊರಟೆ. ಶುದ್ಧ ಉಣ್ಣೆಯಾದರೆ ಬಿಸಿನೀರು, ಸೋಪು, ತಿಕ್ಕಾಟಕ್ಕೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ನನ್ನದು ಅಕ್ರಿಲಿಕ್, ಕೃತಕ ನೂಲು; ಅದು ಹಾಗೆ ಹೆಣೆದುಕೊಳ್ಳುವುದಿಲ್ಲ. ಸುಮ್ನೆ ಒಂದು ಸ್ವೆಟರ್ ಹಾಳಾಯಿತು: ಕತ್ತರಿ ಹಾಕಿದ ಕೂಡಲೇ ಹೆಣಿಗೆ ಬಿಚ್ಚಿಕೊಳ್ಳುತ್ತಾ ಹೋಯಿತು. ಒಳಗಿನ ಲೇಬಲ್ ಒಂದು ಸಲ ಓದಿದ್ದರೆ ಸಾಕಿತ್ತು.

ನನಗೆ ಜಾಸ್ತಿ ಇಷ್ಟವಾದದ್ದು ಹಕ್ಕಿ. ಹಳೆ ಕಾಟನ್ ಶರ್ಟಿನ ಬೆನ್ನಿನ ಭಾಗದಿಂದ ಎರಡು ಮೈ ಕತ್ತರಿಸಿಕೊಂಡೆ. ರಟ್ಟಿನಲ್ಲಿ ಹಕ್ಕಿಯ ಆಕಾರ ಮಾಡಿಕೊಂಡು, ಸುತ್ತ ಪೆನ್ಸಿಲ್ ಗೆರೆ ಎಳೆದು, ಗೆರೆಯಿಂದ ಆರು ಮಿಲಿಮೀಟರ್ ಹೊರಗೆ ಕತ್ತರಿಸಿದೆ. ಹೊರಮೈ ಎರಡೂ ಒಳಗೆ ಬರುವಂತೆ ಜೋಡಿಸಿ ಗೆರೆಯ ಮೇಲೇ ಬ್ಯಾಕ್ ಸ್ಟಿಚ್ (ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಬಂದು ಮುಂದೆ ಹೋಗುವ ಹೊಲಿಗೆ) ಹಾಕಿದೆ. ಮಿಷನ್ ಇದ್ದರೂ ಕೊಕ್ಕಿನ ಹತ್ತಿರ ಕೈಹೊಲಿಗೆಯೇ ಮೇಲು, ಸೂಜಿ ನಮ್ಮ ಮಾತು ಕೇಳುತ್ತದೆ. ದಾರವನ್ನು ಮೊಳದುದ್ದಕ್ಕಿಂತ ಜಾಸ್ತಿ ತೆಗೆದುಕೊಂಡರೆ ಗಂಟು ಬಿಡಿಸುವುದರಲ್ಲೇ ಸಂಜೆ ಮುಗಿಯುತ್ತದೆ.

ಕೊಕ್ಕಿನ ತುದಿಯಲ್ಲಿ ಒಂದು ಗುಟ್ಟಿದೆ. ಹೊಲಿಗೆಯನ್ನು ಚೂಪಾಗಿ ತಿರುಗಿಸದೆ, ತುದಿಯಲ್ಲಿ ಒಂದೇ ಒಂದು ಹೊಲಿಗೆ ಅಡ್ಡ ಹಾಕಬೇಕು. ಆಮೇಲೆ ಹೊರಗಿನ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ತೆಗೆಯಬೇಕು. ಹೀಗೆ ಮಾಡಿದರೆ ತಿರುಗಿಸಿದಾಗ ಕೊಕ್ಕು ಚೂಪಾಗಿಯೇ ಕಾಣುತ್ತದೆ. ಕತ್ತು ಒಳಕ್ಕೆ ಬಾಗುವ ಕಡೆ ಬಟ್ಟೆಯ ಅಂಚಿನಿಂದ ಶುರುಮಾಡಿ, ಹೊಲಿಗೆಗೆ ಎರಡು ಎಳೆಯಷ್ಟು ಬಾಕಿ ಇರುವವರೆಗೆ ಕತ್ತರಿಯ ತುದಿಯಿಂದ ಸೀಳುಗಳು ಬೇಕು. ಮೊದಲ ಹಕ್ಕಿಗೆ ಹೆದರಿ ಅರ್ಧಕ್ಕೇ ನಿಲ್ಲಿಸಿದ್ದೆ. ಕತ್ತಿನ ತುಂಬಾ ಸುಕ್ಕು, ಮುದಿ ರಣಹದ್ದಿನ ಥರ.

ಹೊಟ್ಟೆಯ ಕೆಳಗೆ ನಾಲ್ಕು ಸೆಂಟಿಮೀಟರ್ ಹೊಲಿಯದೆ ಬಿಟ್ಟಿದ್ದೆ. ಅಲ್ಲಿಂದ ತಿರುಗಿಸಿ, ಮೊಂಡು ಹೆಣಿಗೆ ಕಡ್ಡಿಯಿಂದ ಮೂಲೆಗಳನ್ನು ಮೆಲ್ಲಗೆ ನೂಕಿದೆ. ಪಾಲಿಯೆಸ್ಟರ್ ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ ಕೊಕ್ಕಿಗೂ ಬಾಲಕ್ಕೂ ಮೊದಲು ತುಂಬಿ, ಹೊಟ್ಟೆಯನ್ನು ಕೊನೆಗೆ ಇಟ್ಟುಕೊಂಡೆ. ಒಂದೇ ಉಂಡೆ ತುರುಕಿದರೆ ಹಕ್ಕಿಗೆ ಗಡ್ಡೆ ಬಂದ ಹಾಗೆ ಕಾಣುತ್ತದೆ. ತೆರೆದ ಜಾಗವನ್ನು ಲ್ಯಾಡರ್ ಸ್ಟಿಚ್‌ನಿಂದ ಮುಚ್ಚಿದೆ. ಮಡಿಕೆಯ ಒಳಗಿಂದ ಈ ಕಡೆ ಒಂದು, ಆ ಕಡೆ ಒಂದು ಹೊಲಿಗೆ. ನಾಲ್ಕೈದು ಆದ ಮೇಲೆ ದಾರ ಎಳೆದರೆ ಎರಡು ಅಂಚೂ ಕೂಡಿಕೊಂಡು ಹೊಲಿಗೆ ಮಾಯ. ಎಷ್ಟು ಸಲ ಮಾಡಿದರೂ ನನಗೆ ಈ ಕ್ಷಣ ಹಳತಾಗಿಲ್ಲ.

ತೂಗುಹಾಕುವಾಗ ಇನ್ನೊಂದು ಪಾಠ ಕಾದಿತ್ತು. ಬೆನ್ನಿನ ನಟ್ಟನಡುವೆ ಕುಣಿಕೆ ಹೊಲಿದಿದ್ದೆ. ಹಕ್ಕಿ ಮೂಗು ಕೆಳಗೆ ಮಾಡಿ ನೇತಾಡಿತು, ತಲೆಯ ಕಡೆ ಭಾರ ಜಾಸ್ತಿ. ಈಗ ಮೊದಲು ಬೆನ್ನಿಗೆ ಒಂದು ಗುಂಡುಸೂಜಿ ಚುಚ್ಚಿ ಎತ್ತಿ ನೋಡುತ್ತೇನೆ. ಬಾಗಿದರೆ ಸೂಜಿಯನ್ನು ಸ್ವಲ್ಪ ತಲೆಯ ಕಡೆ ಸರಿಸುವುದು, ಸಮ ನಿಂತ ಕಡೆ ಕುಣಿಕೆ. ಕೆಲವಕ್ಕೆ ಹತ್ತಿ ತುಂಬುವಾಗಲೇ ಬಾಲದೊಳಗೆ ಒಂದು ಹಳೆ ಗುಂಡಿ ಸೇರಿಸಿದ್ದೂ ಇದೆ. ಮೇಣದ ಬತ್ತಿ ಹಚ್ಚುವ ಜಾಗದಿಂದ ಮಾತ್ರ ಎಲ್ಲವನ್ನೂ ದೂರ ಕಟ್ಟಿದ್ದೇನೆ, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಅಂಟಿಕೊಳ್ಳುತ್ತದೆ.

ಆ ಮೂಗು ಕೆಳಗಾದ ಹಕ್ಕಿಯ ಕುಣಿಕೆ ಬಿಚ್ಚಿ ಸರಿ ಮಾಡಲು ಕೂತಾಗ ಮಗಳು ಕೈಯಿಂದ ಕಿತ್ತುಕೊಂಡಳು. ಅದು ಕೆಳಗೆ ಏನೋ ಹುಡುಕುತ್ತಿದೆಯಂತೆ. ಅವಳ ಮಂಚದ ಮೇಲೆ ಹಾಗೇ ನೇತಾಡುತ್ತಿದೆ.