ತಾಮ್ರದ ಪೆಪ್ಟೈಡ್ ಸೀರಮ್ ಹಚ್ಚುವವರಿಗೆ ಒಂದು ಸಲಹೆ

ಬಳಗದವರಿಗೆ ನಮಸ್ಕಾರ. ಚರ್ಮದ ಸುಕ್ಕಿಗೆಂದು ಮಾರುವ ನೀಲಿ ಬಣ್ಣದ ಸೀರಮ್ ಬಗ್ಗೆ ಧಾರವಾಡದ ಗೆಳತಿಯರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳ (ಪ್ರೋಟೀನಿನ ಘಟಕಗಳ) ಕಿರು ಸರಪಳಿಯು, ಅಂದರೆ ಪೆಪ್ಟೈಡ್, ತಾಮ್ರವನ್ನು ಹಿಡಿದುಕೊಂಡಾಗ ಆಗುವ ಸಂಯುಕ್ತವೇ ಇದು. ನೀಲಿ ಬಣ್ಣವೂ ಆ ತಾಮ್ರದ್ದೇ. ಈ ಸರಪಳಿಯನ್ನು ವಿಜ್ಞಾನಿ ಲೊರೆನ್ ಪಿಕಾರ್ಟ್ 1973ರಲ್ಲಿ ಮನುಷ್ಯರ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಗುರುತಿಸಿದರು. ಚರ್ಮಕ್ಕೆ ಬಿಗುವು ಕೊಡುವ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ತಾಮ್ರ ಬೇಕೇ ಬೇಕು. ಆದರೆ ಈ ಸೀರಮ್ ಸುಕ್ಕು ಕಡಿಮೆ ಮಾಡುತ್ತದೆಂಬುದಕ್ಕೆ ಪುರಾವೆ ಬಹುಪಾಲು ಪ್ರಯೋಗಾಲಯದ್ದು, ಜನರ ಮೇಲಿನ ಅಧ್ಯಯನಗಳು ಚಿಕ್ಕವು. ವಾರದಲ್ಲಿ ಸುಕ್ಕು ಮಾಯವಾಗುತ್ತದೆಂಬ ಜಾಹೀರಾತನ್ನು ನಂಬಬೇಡಿರಿ.

ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ನೋಡಿರಿ. ವಿಟಮಿನ್ ಸಿ ಸೀರಮ್ ಅಥವಾ ಆಮ್ಲಯುಕ್ತ ಲೇಪನದ ಜೊತೆಗೇ ಇದನ್ನು ಹಚ್ಚಬಾರದು. ನಾನು ಅವಸರದಲ್ಲಿ ಒಂದರ ಮೇಲೊಂದು ಹಚ್ಚಿದ ರಾತ್ರಿ ಕೆನ್ನೆಯೆಲ್ಲ ಉರಿದು ಕೆಂಪಾಗಿತ್ತು. ಅಂದಿನಿಂದ ಬೆಳಿಗ್ಗೆ ವಿಟಮಿನ್ ಸಿ, ಮಲಗುವ ಮುನ್ನ ಇದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬಾಟಲಿಯನ್ನು ಕಿಟಕಿಯ ಬಳಿ ಇಡದೆ ತಂಪಾದ ಕತ್ತಲಲ್ಲಿಡಿರಿ, ಬಣ್ಣ ಕೆಟ್ಟರೆ ಚೆಲ್ಲಿರಿ. ತೆರೆದ ಗಾಯಕ್ಕೆ, ಅದರಲ್ಲೂ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ, ಸೌಂದರ್ಯದ ಸೀರಮ್ ಸುರಿಯದೆ ವೈದ್ಯರಿಗೆ ತೋರಿಸಿರಿ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಬಳಸಬಾರದು. ಆನ್‌ಲೈನಿನಲ್ಲಿ ಸಿಗುವ, ಇದೇ ಪೆಪ್ಟೈಡಿನ ಚುಚ್ಚುಮದ್ದಿನ ಪುಡಿಯನ್ನಂತೂ ಯಾರೂ ಮುಟ್ಟಬೇಡಿರಿ.